ಕ್ಯಾಸೆಟ್‌ನ್ಯಾಗ ಇದ್ದಂಗ ಹಾಡ್ರೀ!

ನಿನ್ನೆ ಸಂಜಿಮುಂದ ಬೆಳಗಾವಿ ಕುಮಾರ ಗಂಧರ್ವ ರಂಗಮಂದಿರದಾಗ ಒಂದ ಹಾಡಿನ ಕಾರ್ಯಕ್ರಮಕ್ಕ ಹೋಗಿದ್ದೆ. ಮನಿಗೆ ಬಂದ್ರೂ ಸಿಟ್ಟ ಇಳೀಲಿಲ್ಲ, ಹೆಂಡ್ತಿ ಮುಂದ ಅರ್ಧಾ ತಾಸ ಒದರಿದೆ, ಆಕಿ "ಫೇಸ್‌ಬುಕ್‌ನ್ಯಾಗ ಬರಕೋರಿ, ನನಗ ನಿದ್ದಿ ಬಂದೈತಿ" ಅಂದ್ಲು. ಅದಕ್ಕ ಈಗ ನಿಮ್ಮ ತಲಿ ತಿನ್ನಾಕತ್ತೀನಿ.

ಹಾಡಿದವ್ರ ಹೆಸರ ಹಾಕಂಗಿಲ್ಲ, ಹಾಕಿದ್ರ ಕಮೆಂಟ್‌ನ್ಯಾಗ ಅವ್ರ ಜಾತಕಾನ ತಗೀತೀರಿ. ಎಪ್ಪತ್ತ ದಾಟಿದ ಭಾವಗೀತೆ ಗಾಯಕ್ರು, ನಮ್ಮ ವಯಸ್ಸಿನವ್ರ ಮನ್ಯಾಗ ಅವ್ರದೊಂದ ಕ್ಯಾಸೆಟ್ ಇದ್ದೇ ಇರ್ತಿತ್ತು. ಎಲ್ಲಾರೂ ಕಾಯಾಕತ್ತಿದ್ದ ಆ ಮಳಿ ಹಾಡು ಕಡೀಕ ತಗೊಂಡ್ರು. ಕ್ಯಾಸೆಟ್‌ನ್ಯಾಗ ಅದು ಕೆಹರವಾ ತಾಳದಾಗ ಓಡಕೋತ ಹೋಗ್ತೈತಿ, ಗಿಟಾರು, ಕೊಳಲು, ಹಿಂದ ಕೋರಸ್ಸು, ಎಲ್ಲಾ ಸಾಮಾನ. ನಿನ್ನೆ ಅವ್ರು ತಬಲಾದಾಂವಗ ಕೈ ಮಾಡಿ ನಿಂದ್ರಸಿದ್ರು. ಬರೇ ಪೇಟಿ (ಹಾರ್ಮೋನಿಯಂ) ಮ್ಯಾಲ, ಕಾಳಿ ಎರಡರ ಶ್ರುತಿಯಾಗ ಇದ್ದದ್ದನ್ನ ಬಿಳಿ ಒಂದರ ತಗ್ಗಿನ ಶ್ರುತಿಗೆ ಇಳಿಸಿ, ತಾಳಾನ ಇಲ್ಲದ, ಕಟ್ಟಿ ಮ್ಯಾಲ ಕುಂತ ಮಾತಾಡಿದಂಗ ಮೊದಲ ಸಾಲು ಹಾಡಿದ್ರು. ಮಳಿ ಅನ್ನೋ ಶಬ್ದಕ್ಕ ಬಂದು ಸುಮ್ಮ ನಿಂತಬಿಟ್ರು. ಪೇಟಿಯಾಂವನೂ ನಿಂತ. ಅದು ಊರ ಬಿಟ್ಟ ಬಂದವ್ನ ಹಾಡು ಅಂತ ಮೂವತ್ತೈದ ವರ್ಷದ ಮ್ಯಾಲ ನನಗ ನಿನ್ನೆ ಗೊತ್ತಾತು ನೋಡ್ರಿ, ಇಷ್ಟ ದಿನ ಗಿಟಾರಿಗೆ ತಲಿ ಅಲ್ಲಾಡಿಸೋದ್ರಾಗ ಶಬ್ದ ಯಾರ ಕೇಳಿದ್ರು!

ಅಷ್ಟರಾಗ ಹಿಂದಿನ ಸಾಲಿಂದ ಒಬ್ಬ ಕಾಕಾ ಎದ್ದ ನಿಂತು, "ಸರ್ರ, ಕ್ಯಾಸೆಟ್‌ನ್ಯಾಗ ಇದ್ದಂಗ ಹಾಡ್ರೀ!"

ನಾಕ ಮಂದಿ ಚಪ್ಪಾಳಿ ಬ್ಯಾರೆ.

ಪಾಪ ಅವ್ರು ನಕ್ರು. ತಬಲಾದಾಂವನ ಕಡೆ ನೋಡಿ ಹಳೇ ಧಾಟಿ ಹಿಡದ್ರು. ಮ್ಯಾಲಿನ ಗಂಧಾರ ಸ್ವರಕ್ಕ ಹೋಗೂಮುಂದ ದನಿ ಒಡೀತು, ಮೈಕ್ ಬಾಯಿಂದ ದೂರ ಸರಸಿದ್ರು. ಕಾಕಾ ಮಾತ್ರ ಖುಷಿ, ಮೊಬೈಲ್ ಎತ್ತಿ ಹಿಡಕೊಂಡು ಕುಂತ. ಒಡದ ದನಿ ನಡೀತೈತಿ ಅವಗ, ಹೊಸಾ ಧಾಟಿ ನಡ್ಯಾಂಗಿಲ್ಲ.

ಇದು ನಡದದ್ದು ಯಾರ ಹೆಸರಿನ ರಂಗಮಂದಿರದಾಗ, ಅದನ್ನರ ನೋಡ್ಬೇಕಲ್ರಿ. 1924ರಾಗ ಇಲ್ಲೇ ಮಗ್ಗಲದ ಸುಳೇಭಾವಿಯಾಗ ಹುಟ್ಟಿದ ಹುಡುಗ, ಗ್ರಾಮಫೋನ್ ರೆಕಾರ್ಡ್ ಕೇಳಿ ದೊಡ್ಡ ದೊಡ್ಡ ಉಸ್ತಾದರ ಗಾಯನಾನ ಹಂಗs ಒಪ್ಪಸ್ತಿದ್ರು, ಕುಮಾರ ಗಂಧರ್ವ ಅಂತ ಹೆಸರ ಬಂದದ್ದ ಆ ಸಣ್ಣ ವಯಸ್ಸಿನ್ಯಾಗ. ಅಂದ್ರ ರೆಕಾರ್ಡಿನ್ಯಾಗ ಇದ್ದಂಗ ಹಾಡೋದು ಅವ್ರಿಗೆ ಹುಡುಗಾಟಕಿ ವಯಸ್ಸಿನ ಆಟ. ಮುಂದ ಕ್ಷಯ ಬಂತು, ಒಂದ ಶ್ವಾಸಕೋಶ ಕೈ ಕೊಟ್ತು, ಮಧ್ಯಪ್ರದೇಶದ ದೇವಾಸಕ್ಕ ಹೋಗಿ ವರ್ಷಗಟ್ಟಲೆ ಹಾಡದs ಹಾಸಿಗಿ ಹಿಡದ್ರು. ಎದ್ದ ಮ್ಯಾಲ ಇದ್ದಷ್ಟ ಉಸಿರಿನ್ಯಾಗ, ತುಂಡ ತುಂಡ ತಾನ ತಗೊಂಡು, ಬ್ಯಾರೇನ ಗಾಯನ ಕಟ್ಟಿದ್ರು. ನಮ್ಮ ಕಾಕಾ ಅವಾಗ ಇದ್ದಿದ್ರ "ಪಂಡಿತ್‌ಜಿ, ಹುಡುಗ ಇದ್ದಾಗ ಹಾಡಿದಂಗ ಹಾಡ್ರಿ" ಅಂತಿದ್ದ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ರೆಕಾರ್ಡ್ ಕೇಳ್ರಿ, ಸಣ್ಣ ದನಿ. ಗಂಟಲ ಚಿಕಿತ್ಸಾ ಆದ ಮ್ಯಾಲಿನ ಆ ಗಡಸ ದನೀನ ನಮಗ ಗಂಗಜ್ಜಿ ಅಂದ್ರ ನೆನಪಾಗೋದು.

"ಅದು ಶಾಸ್ತ್ರೀಯ ಸಂಗೀತರಿ, ಬದಲ ಮಾಡೋದ ಅದರ ಧರ್ಮ, ಭಾವಗೀತಿ ಹಂಗಲ್ಲ, ಸಂಯೋಜಕರು ಕಟ್ಟಿದ್ದು" ಅಂತ ಇಂಟರ್ವಲ್‌ನ್ಯಾಗ ಒಬ್ರು ನನಗ ತಿಳಸಿ ಹೇಳಿದ್ರು. ಆತ್ರಿ. ಶರೀಫಜ್ಜ ತೀರಿಕೊಂಡಿದ್ದು 1889ರಾಗ, ಅವ್ರ ದನಿ ಕೇಳಿದಾಂವ ಈಗ ಯಾಂವನೂ ಇಲ್ಲ. ಸಿ. ಅಶ್ವಥ್ ಅವ್ರು ಆ ಪದಗಳಿಗೆ ತಮ್ಮ ಧಾಟಿ ಕೊಟ್ರು, ನಾಡ ತುಂಬ ಹಾಡಿದ್ವಿ. ಅವ್ರಿಗೆ ಯಾರರ "ಶಿಶುನಾಳದಾಗ ಹಾಡಿದಂಗ ಹಾಡ್ರಿ" ಅಂತ ಕೂಗಿದ್ರೇನು?

ಇಲ್ಲಿ ಒಂದ ಮಾತ ಹೇಳಬೇಕು, ಹೇಳಾಕ ನಾಚಿಕಿ. ನಮ್ಮಪ್ಪ ಭಜನಿ ಮೇಳದ ಪೇಟಿ ಮಾಸ್ತರ ಅಂತ ನಿಮಗ ಗೊತ್ತೇ ಐತಿ. ಆ ಶರೀಫರ ಪದದ ಕ್ಯಾಸೆಟ್ ಮನಿಗೆ ತಂದಾಂವ ನಾನ, ಬಾಗಲಕೋಟಿ ಕಾಲೇಜಿನ್ಯಾಗಿದ್ದೆ, ತಲಿ ಭುಜದ ಮ್ಯಾಲ ನಿಲ್ತಿರಲಿಲ್ಲ. ಅಮಾಸಿ ಭಜನಿಯಾಗ ಅಪ್ಪ ಅದೇ ಪದ ತಮ್ಮ ಧಾಟಿಯಾಗ ಎತ್ತಿಕೊಂಡಾಗ ಊರ ಮಂದಿ ಮುಂದ ನಾ ಅಂದೆ, "ಅಪ್ಪಾ, ಧಾಟಿ ತಪ್ಪೇತಿ, ಕ್ಯಾಸೆಟ್‌ನ್ಯಾಗ ಹಿಂಗಿಲ್ಲ." ಅಪ್ಪ ಪೇಟಿ ಮುಚ್ಚಿ, "ಹಂಗಾದ್ರ ಕ್ಯಾಸೆಟ್ ಹಚ್ಚಪಾ, ನಾ ಚಾ ಕುಡದ ಬರ್ತೀನಿ" ಅಂದ. ಮಂದಿ ನಕ್ರು, ನಾನೂ ನಕ್ಕೆ. ಅಪ್ಪನ ಆ ಧಾಟಿ ಈಗ ನನಗ ಎರಡ ಸಾಲ ಅಷ್ಟ ಬರ್ತೈತಿ, ಮೂರನೇದಕ್ಕ ಹೋಗೋದ್ರಾಗ ಕ್ಯಾಸೆಟ್ಟಿನ ಧಾಟಿ ಅಡ್ಡ ಬರ್ತೈತಿ.

ಇನ್ನ ಟಿಕೆಟ್ಟಿನ ಮಾತು. ರೊಕ್ಕಾ ಕೊಟ್ಟ ಬಂದೀವಿ, ನಮ್ಮ ಹಳೇ ದಿನ ನೆನಪಾಗಬೇಕಲ್ಲ ಅಂತೀರಿ. ಖರೆ, ನನಗೂ ಆಸೆ ಇತ್ತು, ಮೊದಲ ಸಾಲಿಗೆ ನಂದೂ ಮುಖ ಸಣ್ಣದಾಗಿತ್ತು ಸುಳ್ಳ ಯಾಕ ಹೇಳ್ಲಿ. ಆದ್ರ ನಿಮಗ ಹಳೇ ದಿನಾನ ಬೇಕಂದ್ರ ಅದು ಯೂಟ್ಯೂಬಿನ್ಯಾಗ ಪುಕ್ಕಟ ಐತೆಲ್ಲ. ಎಪ್ಪತ್ತರ ಮನಷ್ಯಾನ್ನ ಸ್ಟೇಜಿಗೆ ಕರದು ಮೂವತ್ತೈದರ ದನಿ ಕೊಡು ಅನ್ನೋದೇನು, ಅಂವ ಹಾಡುಗಾರನೋ ಟೇಪ್‌ರೆಕಾರ್ಡರೋ? ಟ್ರ್ಯಾಕ್ ಹಚ್ಚಿ ತುಟಿ ಅಲ್ಲಾಡಸವ್ರಿಗೆ ಸೀಟಿ ಹೊಡಿತೀರಿ, ಯಾಕಂದ್ರ ಧಾಟಿ ಒಂದ ಕೂದಲನೂ ಸರಿಯಂಗಿಲ್ಲ. ಹಂಗಿದ್ರ ಸ್ಪೀಕರ್‌ಗೇ ಶಾಲು ಹೊಚ್ಚಿ ಫಲ-ತಾಂಬೂಲ ಕೊಡ್ರಿ.

ಹಾಂ, ಬದಲ ಮಾಡಿದ್ದೆಲ್ಲಾ ಬಂಗಾರ ಅನ್ನಾಂಗಿಲ್ಲ ನಾ. ಪಲ್ಲವಿ ಬಂದ ಕೂಡ್ಲೇ ಮೈಕ್ ಮಂದಿ ಕಡೆ ಹಿಡದು ತಾವು ನೀರ ಕುಡಿಯೋರು ಅದಾರ, ಅದು ಬದಲಾವಣಿ ಅಲ್ಲ, ಮೈಗಳ್ಳತನ. ನಿನ್ನೆದು ಅದಲ್ಲ. ನಿನ್ನೆ ಆ ಮನಷ್ಯಾ ಅದs ಹಾಡಿನ್ಯಾಗ ಇಳದು ಇನ್ನೊಮ್ಮೆ ಹುಡುಕಾಕತ್ತಿದ್ರು, ನಾವು ರಟ್ಟಿ ಹಿಡದು ಮ್ಯಾಲ ಎಳದ ತಂದ್ವಿ.

ನಿನ್ನೆ ಬಂದವ್ರ ಪೈಕಿ ಯಾರರ ಆ ಮೊದಲಿನ ಸಾಲು ಮೊಬೈಲ್‌ನ್ಯಾಗ ಹಿಡಕೊಂಡಿದ್ರ ಕಳಸ್ರಿ, ನಾ ಕಿಸೆದಿಂದ ತಗಿಯೋದ್ರಾಗ ಕಾಕಾ ಎದ್ದ ನಿಂತಿದ್ದ. ರೆಕಾರ್ಡ್ ಕೇಳಾಕತ್ತಾನ ನೋಡ್ರಿ ಮಗಾ ಅಂತ ನಗಬ್ಯಾಡ್ರಿ, ಕಳಸ್ರಿ.