ಪೆರೇಡ್ ಫೋಟೋ ಸರಿ, ಮೇಷ್ಟ್ರು ಎಲ್ಲಿ?

'ಸೈನಿಕ ಶಾಲೆಯ ಮಕ್ಕಳನ್ನು ರೂಪಿಸುವುದು ಬೆಳಗಿನ ಡ್ರಿಲ್' ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಕುಂದಾಪುರ ಕಡೆಯ ನನ್ನ ಅಕ್ಕನ ಮಗ ಕೊಡಗಿನ ಕೂಡಿಗೆ ಸೈನಿಕ ಶಾಲೆಯಲ್ಲಿ ಓದಿದವನು. ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಒಳಗೆ ಹೋದ ಮೇಲೆ ಪಾಠವೆಲ್ಲ ಇಂಗ್ಲಿಷಿನಲ್ಲಿ! ಕನ್ನಡ ಮೀಡಿಯಂನಿಂದ ಹೋದ ಹುಡುಗನಿಗೆ ಓಟ, ಕಸರತ್ತು ಕಷ್ಟವಾಗಲಿಲ್ಲ. ಗಣಿತದ ಪ್ರಶ್ನೆಯೇ ಅರ್ಥ ಆಗುತ್ತಿರಲಿಲ್ಲ. ಅವನ ಗಣಿತ ಮೇಷ್ಟ್ರು ರಾತ್ರಿ ಓದಿನ ಹೊತ್ತಿಗೆ ಪಕ್ಕದಲ್ಲಿ ಕೂತು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಅವನ ಬಾಯಿಂದ ಹೇಳಿಸುತ್ತಿದ್ದರಂತೆ. ತಪ್ಪಿದರೆ ಬೈಗುಳ ಇಲ್ಲ, ಇನ್ನೊಂದು ಲೆಕ್ಕ ಕೊಡುತ್ತಿದ್ದರು ಅಷ್ಟೆ. ರಜೆಗೆ ಬಂದಾಗ ಅವನ ಬಾಯಲ್ಲಿ ಬರೀ ಸರ್, ಸರ್! (ಅಕ್ಕನಿಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗಿತ್ತು.)

ಎನ್‌ಡಿಎಗೆ, ಅಂದರೆ ಸೇನಾಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಮಕ್ಕಳನ್ನು ತಯಾರು ಮಾಡುವುದೇ ಈ ಶಾಲೆಗಳ ಉದ್ದೇಶ, ನಿಜ. ಆದರೆ ಅಲ್ಲಿಗೆ ಸೇರಲು ಬರೆಯುವ ಲಿಖಿತ ಪರೀಕ್ಷೆಯ 900 ಅಂಕದಲ್ಲಿ 300 ಗಣಿತಕ್ಕೇ ಇದೆ. ಅದನ್ನು ಡ್ರಿಲ್ ಮಾಡಿಸುವವರು ಕಲಿಸುತ್ತಾರಾ? ಲೇಖನದಲ್ಲಿ ಪೆರೇಡ್ ಫೋಟೋ ಇಷ್ಟೊಂದು ಹಾಕಿ, ಶಿಕ್ಷಕರಿಗೆ ಒಂದೇ ಸಾಲು ಕೊಟ್ಟಿದ್ದು ಯಾಕೋ ಸರಿ ಕಾಣಲಿಲ್ಲ. ಇನ್ನೊಮ್ಮೆ ಬರೆಯುವುದಾದರೆ ಅವರನ್ನೂ ಮಾತಾಡಿಸಿ.