ಹೊಳ್ಳಿಸಿ ತೋರಸು

ನಿನ್ನೆ ಮಧ್ಯಾಹ್ನ ದೀಪಾವಳಿ ಮೇಳಕ್ಕೆಂದು ಕಸೂತಿ ಹಾಕಿದ ಹದಿನಾಲ್ಕು ಕುಶನ್ ಕವರುಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ; ರಾತ್ರಿ ಹನ್ನೊಂದೂವರೆ ಕವರುಗಳನ್ನು ಮರಳಿ ತಂದೆ. ಎರಡು ಮಾರಾಟವಾದವು ಎಂಬುದು ಲೆಕ್ಕ ಬಲ್ಲವರಿಗೆ ಹೇಳದೆಯೇ ತಿಳಿಯುತ್ತದೆ. ಉಳಿದ ಅರ್ಧ ಎಲ್ಲಿ ಹೋಯಿತು ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕಾಗಿದೆ. ಮನೆಯಲ್ಲಿ ಹೇಳಲು ಹೋದರೆ ನಮ್ಮ ಯಜಮಾನರು ಅರ್ಧಕ್ಕೇ ನಗಲು ಆರಂಭಿಸುತ್ತಾರೆ, ಆದ್ದರಿಂದ ಬರೆಯಲು ಕುಳಿತಿದ್ದೇನೆ.

ಧಾರವಾಡದ ನಮ್ಮ ಬಡಾವಣೆಯ ಉದ್ಯಾನದಲ್ಲಿ ನಡೆದ ಈ ಮೇಳಕ್ಕೆ ಸಂಘದವರು 'ಹಬ್ಬದ ಹಸ್ತಕಲಾ ಮೇಳ' ಎಂಬ ಬ್ಯಾನರು ಕಟ್ಟಿಸಿದ್ದರು. ಒಂದು ಮೇಜಿಗೆ ಆರುನೂರು ರೂಪಾಯಿ ಬಾಡಿಗೆ, ಕುರ್ಚಿ ಒಂದೇ. ಹದಿನೆಂಟು ಮೇಜುಗಳಲ್ಲಿ ಹಸ್ತದ ಕಲೆ ಎನ್ನಬಹುದಾದದ್ದು ನಾಲ್ಕೋ ಐದೋ ಇದ್ದವು. ಉಳಿದವುಗಳಲ್ಲಿ ಉಪ್ಪಿನಕಾಯಿ, ಬಣ್ಣದ ಮೇಣದಬತ್ತಿ, ನೀರು ಶುದ್ಧೀಕರಿಸುವ ಯಂತ್ರ ಮತ್ತು ಸಾಲ ಕೊಡಿಸುವ ಒಬ್ಬ ತರುಣ. ಈ ತರುಣನಿಗೂ ಹಸ್ತಕಲೆಗೂ ಇದ್ದ ಸಂಬಂಧವೆಂದರೆ ಅರ್ಜಿಯ ಕೆಳಗೆ ನಾವು ಹಾಕಬೇಕಾದ ಹಸ್ತಾಕ್ಷರ ಮಾತ್ರ. ಬಲಿಪಾಡ್ಯಮಿಗೆ ಸೆಗಣಿಯ ಪಾಂಡವರನ್ನು ರಟ್ಟಿನ ಡಬ್ಬಿಯಲ್ಲಿ ಇಟ್ಟು, ತಲೆಗೊಂದು ಚೆಂಡುಹೂವು ಸಿಗಿಸಿ ಮಾರುವವರೂ ಬಂದಿದ್ದರು. ಐವರೂ ಅಕ್ಕಪಕ್ಕದಲ್ಲಿ ಒತ್ತಿ ಕುಳಿತಿದ್ದ ರೀತಿ ನೋಡಿದರೆ ಅರಗಿನ ಮನೆಯೇ ವಾಸಿ ಎಂದು ಅವರಿಗೆ ಅನ್ನಿಸಿರಬೇಕು. ನನ್ನ ಎದುರಿಗೆ ಗಿರಮಿಟ್ಟು ಮತ್ತು ಮಿರ್ಚಿಯ ಅಂಗಡಿ ಇತ್ತು. ಮಿರ್ಚಿ ಎಣ್ಣೆಗೆ ಬಿದ್ದಾಗಲೆಲ್ಲ ಹೊಗೆ ಗಾಳಿಯ ಜೊತೆ ನೇರವಾಗಿ ನನ್ನ ಬಿಳಿಯ ಮ್ಯಾಟಿ ಬಟ್ಟೆಯ ಮೇಲೆ ಬಂದು ಕೂಡುತ್ತಿತ್ತು. ಪಕ್ಕದಲ್ಲಿ ನವಲಗುಂದದ ಜಮಖಾನೆಗಳನ್ನು ತಂದಿದ್ದ ಹೆಣ್ಣುಮಗಳ ಸ್ಥಿತಿ ಇನ್ನೂ ಕಷ್ಟದ್ದು. ನವಿಲು ಮತ್ತು ಪಗಡೆಯ ಹಾಸಿನ ಚಿತ್ತಾರ ಚೆನ್ನಾಗಿ ಕಾಣಲೆಂದು ಅವಳು ದೊಡ್ಡದೊಂದನ್ನು ನೆಲಕ್ಕೆ ಹಾಸಿ ಆಚೆ ತಿರುಗುವಷ್ಟರಲ್ಲಿ ಒಂದು ಕುಟುಂಬ ಚಪ್ಪಲಿ ಬಿಟ್ಟು, ಅದರ ಮೇಲೆ ದುಂಡಗೆ ಕುಳಿತು ಗಿರಮಿಟ್ಟು ತಿನ್ನತೊಡಗಿತ್ತು. ಚಪ್ಪಲಿ ಬಿಟ್ಟು ಕುಳಿತವರನ್ನು ಏಳಿಸುವುದು ಹೇಗೆ? ಅವರು ಚಹಾ ಕುಡಿದು ಏಳುವವರೆಗೆ ಅವಳು ನಿಂತೇ ಇದ್ದಳು.

ಮೈಕು ಹಿಡಿದವರು ಕೆಎ ೨೫ರಿಂದ ಆರಂಭವಾಗುವ ಬಿಳಿಯ ಕಾರೊಂದನ್ನು ಗೇಟಿನಿಂದ ತೆಗೆಯಲು ಮೂರು ಗಂಟೆಗಳ ಕಾಲ ವಿನಂತಿಸಿದರು. ಆ ಕಾರು ಸಂಘದ ಪದಾಧಿಕಾರಿಯೊಬ್ಬರದೇ ಎಂದು ಕೊನೆಗೆ ತಿಳಿಯಿತು.

ನಾಗರಪಂಚಮಿಯ ಉಂಡಿ ಡಬ್ಬಿಯಲ್ಲಿ ಇರುವಾಗಲೇ ನಾನು ಈ ಕವರುಗಳನ್ನು ಹಿಡಿದಿದ್ದೆ. ಒಂದಕ್ಕೆ ಐದಾರು ಸಂಜೆಗಳು ಬೇಕು. ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಎಬ್ಬಿಸಬೇಕು, ಮತ್ತು ಕುಕ್ಕರಿನ ಸೀಟಿ ಎಣಿಸುವಾಗ ಎಳೆಯ ಲೆಕ್ಕ ತಪ್ಪಿದರೆ ಆನೆಗೆ ಐದನೆಯ ಕಾಲು ಬರುತ್ತದೆ. ಇಷ್ಟೆಲ್ಲ ಮಾಡಿ ಆರುನೂರಾ ಐವತ್ತು ರೂಪಾಯಿ ಎಂದು ಚೀಟಿ ಅಂಟಿಸಿದರೆ, ಬಂದ ಮೊದಲನೆಯ ಗಿರಾಕಿ, "ಕೈಲೇ ಮಾಡಿದ್ದಂದ್ರ ಕಡಿಮಿ ಇರಬೇಕಲ್ರೀ? ಮಶಿನ್ ಖರ್ಚಿಲ್ಲ, ಕರೆಂಟಿನ ಖರ್ಚಿಲ್ಲ," ಎಂದರು. ಈ ತರ್ಕಕ್ಕೆ ಉತ್ತರ ನನಗೆ ಈಗಲೂ ಹೊಳೆದಿಲ್ಲ. ಆದರೂ ಐದು ಗಂಟೆಯ ಸುಮಾರಿಗೆ ಒಬ್ಬ ತಾಯಿ ಚೌಕಾಸಿಯನ್ನೂ ಮಾಡದೆ ಎರಡು ಕವರು ಕೊಂಡರು. ಅದೇ ನನ್ನ ಬೋಣಿಗೆ; ಅದೇ ಕೊನೆಯ ವ್ಯಾಪಾರವೂ ಆಯಿತು. ಏಕೆಂದರೆ ಐದೂವರೆಗೆ ಮೂರನೆಯ ಕ್ರಾಸಿನ ಕಾಕು ಬಂದರು.

ಕಾಕುಗೆ ಎಪ್ಪತ್ತೆಂಟು ವರ್ಷ. ಮಗ ಸ್ಕೂಟರಿನಲ್ಲಿ ತಂದು ಗೇಟಿನ ಬಳಿ ಇಳಿಸಿದರೆ, ಅಲ್ಲಿಂದ ಒಂದೊಂದೇ ಮೇಜನ್ನು ಪರೀಕ್ಷಿಸುತ್ತ ಬರುತ್ತಾರೆ. ಕನ್ನಡಕವನ್ನು ಕರಿಯ ದಾರದಲ್ಲಿ ಕೊರಳಿಗೆ ಕಟ್ಟಿಕೊಂಡಿರುತ್ತಾರೆ. ಅದು ಕೊರಳಿನಿಂದ ಮೂಗಿಗೆ ಏರಿತೆಂದರೆ ಅಂಗಡಿಯವರು ದೇವರನ್ನು ನೆನೆಯಬೇಕು. ಅವರು ಮೇಳಗಳಲ್ಲಿ ಏನನ್ನೂ ಕೊಂಡದ್ದನ್ನು ಯಾರೂ ಕಂಡಿಲ್ಲ. ಪ್ರತಿಯೊಂದು ವಸ್ತುವನ್ನೂ ಕೈಗೆತ್ತಿಕೊಂಡು, ಬೆಲೆ ಕೇಳಿ, ಮೆತ್ತಗೆ ಕೆಳಗಿಟ್ಟು, "ಇದನ್ನ ಮನ್ಯಾಗ ಮಾಡಬಹುದು" ಎನ್ನುತ್ತಾರೆ. ಉಪ್ಪಿನಕಾಯಿಯ ಮುಂದೆ ಹಾಗೆಂದರೆ ಒಪ್ಪಬಹುದು, ಆಕಾಶಬುಟ್ಟಿಯ ಮುಂದೆ ಅಂದರೂ ಒಪ್ಪಬಹುದು. ನೀರಿನ ಯಂತ್ರದವನ ಮುಂದೆಯೂ ಹಾಗೆಂದು, ತಾಮ್ರದ ಕೊಡ, ಮರಳು, ಇದ್ದಿಲು ಮತ್ತು ಹಳೆಯ ಧೋತರದ ತುಂಡಿನ ಪಾಠವನ್ನು ಹೇಳಿದರು; ಅವನು ಬರೆದುಕೊಂಡ. ಸಾಲದ ತರುಣ ಮಾತ್ರ ಧೈರ್ಯಶಾಲಿ. "ಅಜ್ಜಿ, ಇದನ್ನಂತೂ ಮನ್ಯಾಗ ಮಾಡಾಕ ಆಗೂದಿಲ್ಲ" ಎಂದು ಕರಪತ್ರ ಮುಂದೆ ಹಿಡಿದ. ಕಾಕು ಅವನನ್ನು ಕನಿಕರದಿಂದ ನೋಡಿ, "ಸಾಲ ಏನಪಾ, ನಮ್ಮ ಮನ್ಯಾಗ ಮೂರು ತಲಿಯಿಂದ ಮಾಡೇವಿ" ಎಂದು ಮುಂದೆ ನಡೆದರು.

ನನ್ನ ಎಡಗಡೆಯ ಮೇಜಿನಲ್ಲಿ ಕಂಪ್ಯೂಟರ್ ಯಂತ್ರದಿಂದ ಹಾಕಿದ 'ಕಸೂತಿ' ಕವರುಗಳಿದ್ದವು; ಬೆಲೆ ಇನ್ನೂರಾ ಇಪ್ಪತ್ತು. ಕಾಕು ಒಂದನ್ನು ಎತ್ತಿ, ಕನ್ನಡಕ ಏರಿಸಿ, ಹೊಳ್ಳಿಸಿದರು. ಒಳಮೈಗೆ ಬಿಳಿಯ ಕಾಗದದಂಥದ್ದು ಅಂಟಿಕೊಂಡಿತ್ತು, ದಾರಗಳು ಕಾಗೆಯ ಗೂಡಿನಂತೆ ಹೆಣೆದುಕೊಂಡಿದ್ದವು. ನನಗೆ ಒಳಗೊಳಗೇ ಸಂತೋಷವಾಯಿತು, ಈಗ ಅವನಿಗೆ ತಕ್ಕದ್ದು ಆಗುತ್ತದೆ ಎಂದುಕೊಂಡೆ. ಕಾಕು ಮಾತ್ರ ಅದನ್ನು ಮೊದಲಿದ್ದಂತೆಯೇ ಮಡಿಸಿ ಇಟ್ಟು, "ಇದು ಹೊಳ್ಳಿಸಿ ನೋಡೂ ಸಾಮಾನಲ್ಲ ಬಿಡು" ಎಂದು ಅವನನ್ನು ಕ್ಷಮಿಸಿಬಿಟ್ಟರು. ಆಮೇಲೆ ನನ್ನ ಮೇಜಿನ ಮುಂದೆ ಬಂದು ನಿಂತರು.

"ಇದನ್ನ ನೀ ಹಾಕಿದ್ದೇನು? ಹೊಳ್ಳಿಸಿ ತೋರಸು."

ಇಲ್ಲಿ ಒಂದು ಮಾತು ಹೇಳದಿದ್ದರೆ ನನ್ನ ಸಂಕಟ ಅರ್ಥವಾಗುವುದಿಲ್ಲ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿ ಮತ್ತು ಮುರ್ಗಿ ಸರಿಯಾಗಿ ಬಿದ್ದರೆ ಬಟ್ಟೆಯ ಮುಂಭಾಗವೂ ಹಿಂಭಾಗವೂ ಒಂದೇ ರೀತಿ ಕಾಣಬೇಕು. ಸೂಜಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಹೋಗಬೇಕು, ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಹೊರಟ ಜಾಗಕ್ಕೇ ಬಂದು ಸೇರಬೇಕು. ದಾರದ ಬಾಲವನ್ನು ಹೊಲಿಗೆಗಳ ಕೆಳಗೇ ಅಡಗಿಸಬೇಕು. ಎಲ್ಲಿಯೂ ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೆಸರು ಗಂಟು ಎಂಬ ಮಾತಿನಿಂದಲೇ ಬಂದದ್ದೆಂದು ಹೇಳುವವರಿದ್ದಾರೆ. ಹಾಗಿದ್ದರೆ ಹೆಸರಿನಲ್ಲಿ ಗಂಟಿಟ್ಟುಕೊಂಡು ಹೊಲಿಗೆಯಲ್ಲಿ ಅದನ್ನು ನಿಷೇಧಿಸಿದ ಆ ಹಿರಿಯರಿಗೆ ಏನೆನ್ನಬೇಕೋ ತಿಳಿಯದು. ದಸರೆ ಕಳೆದರೂ ಅರ್ಧದಷ್ಟು ಕವರುಗಳು ಬಾಕಿ ಇದ್ದವು. ರಾತ್ರಿ ಹನ್ನೊಂದಕ್ಕೆ, ಕಣ್ಣು ಮಂಜಾಗಿ, ಬಾಲವನ್ನು ಅಡಗಿಸುವ ತಾಳ್ಮೆ ಇಲ್ಲದೆ, ಯಾರು ನೋಡುತ್ತಾರೆಂದು ಎಲ್ಲೋ ಒಂದೆರಡು ಕಡೆ ಗಂಟು ಹಾಕಿದ್ದು ನಿಜ.

ಕಾಕು ಕವರಿನ ಒಳಗೆ ಕೈ ಹಾಕಿ ಗೋಪುರದ ಬೆನ್ನನ್ನು ಹೆಬ್ಬೆರಳಿನಿಂದ ಸವರಿದರು. ನೋಡಲಿಲ್ಲ, ಸವರಿದರು ಅಷ್ಟೆ. ಬೆರಳು ಕಳಸದ ಹತ್ತಿರ ನಿಂತಿತು.

"ಗಂಟ ಅದ."

"ಒಳಗ ದಿಂಬು ಇರತದಲ್ರೀ ಕಾಕು, ಯಾರಿಗ ಕಾಣಸ್ತದ?"

"ನನಗ ಕಾಣಿಸ್ತಲ್ಲ."

ಅಷ್ಟು ಹೇಳಿ ಹೋಗಿದ್ದರೆ ನಾನೂ ಮರೆಯುತ್ತಿದ್ದೆ. ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ಬಂದ ಎಳೆಯ ದಂಪತಿ ನನ್ನ ಮೇಜಿಗೆ ಬಂದರು. ಮುಂದಿನ ತಿಂಗಳು ಗೃಹಪ್ರವೇಶ, ಸೋಫಾ ಹೊಸದು, ಆರು ಕವರುಗಳು ಬೇಕು. ಆರು! ಮೂರು ಸಾವಿರದ ಒಂಬೈನೂರು ರೂಪಾಯಿ! ಹುಡುಗ ಫೋನನ್ನು ಮೇಲೆತ್ತಿ ನನ್ನ ಕ್ಯೂಆರ್ ಚೀಟಿಯ ಮುಂದೆ ಹಿಡಿದಿದ್ದ, ನಾನು ಸದ್ದು ಬರುವುದನ್ನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಆಗ ಕಾಕು ಆ ಹುಡುಗಿಯ ಮೊಣಕೈ ಹಿಡಿದು, "ಸ್ವಲ್ಪ ತಡಿಯವಾ, ನೋಡಿ ತಗೋ, ಅದರಾಗ ಗಂಟ ಅದ" ಎಂದರು.

ಹುಡುಗ ಫೋನು ಕೆಳಗಿಳಿಸಿ, "ಯಾರ ಗಂಟ್ರೀ?" ಎಂದು ಕವರಿನ ಒಳಗೆ ಬಗ್ಗಿ ನೋಡಿದ. ಯಾರೋ ಹಣದ ಗಂಟನ್ನು ಮರೆತು ಹೋಗಿದ್ದಾರೆಂದು ಅವನು ತಿಳಿದಂತಿತ್ತು. ಹುಡುಗಿ ಪಾಪ, "ಗಂಟಿದ್ದರ ಏನಾಗತದ್ರಿ ಅಜ್ಜಿ?" ಎಂದು ಕೇಳಿದಳು. ಕೇಳಬಾರದಿತ್ತು. ಕಾಕು ನನ್ನ ಒಂದೇ ಕುರ್ಚಿಯಲ್ಲಿ ಕುಳಿತು ಗವಂತಿಯಿಂದ ಆರಂಭಿಸಿದರು. ನನ್ನ ಕವರುಗಳನ್ನೇ ಒಂದೊಂದಾಗಿ ಎತ್ತಿ, ಇದು ಮುರ್ಗಿ, ಇದು ನೇಗಿ, ನೇಗಿಯ ಹಿಂಭಾಗ ಬೇರೆ ಕಂಡರೆ ತಪ್ಪಲ್ಲ, ಮೆಂತಿಯದೂ ಹಾಗೆಯೇ, ಆದರೆ ಇದು ನೋಡು, ಇದು ತಪ್ಪು ಎಂದು ಉದಾಹರಣೆ ಸಮೇತ ಇಪ್ಪತ್ತು ನಿಮಿಷ ವಿವರಿಸಿದರು. ತಪ್ಪಿಗೆ ಉದಾಹರಣೆ ಬೇಕಾದಾಗಲೆಲ್ಲ ನನ್ನ ಮೇಜಿನಲ್ಲಿ ಅದು ಸಿಗುತ್ತಿತ್ತು. ಸುತ್ತ ಹತ್ತು ಹನ್ನೆರಡು ಜನ ಕೂಡಿದರು. ಮಧ್ಯಾಹ್ನದಿಂದ ನನ್ನ ಮೇಜಿಗೆ ಅಷ್ಟು ಜನ ಬಂದಿರಲಿಲ್ಲ. ಎಲ್ಲರೂ ವಿಡಿಯೊ ಮಾಡಿಕೊಂಡರು, ಕಾಕುಗೆ ಚಹಾ ತಂದುಕೊಟ್ಟರು, ದಂಪತಿ ಇಬ್ಬರೂ ಅವರ ಕಾಲು ಮುಟ್ಟಿ ನಮಸ್ಕರಿಸಿದರು. ನಮಸ್ಕರಿಸಿ, ಎದ್ದು, ಪಕ್ಕದ ಮೇಜಿಗೆ ಹೋಗಿ, ಇನ್ನೂರಾ ಇಪ್ಪತ್ತರ ಆರು ಕವರುಗಳನ್ನು ಕಾಗದ ಸಮೇತ ಕೊಂಡುಕೊಂಡರು. ಕಾಕು ಅತ್ತ ತಿರುಗಿಯೂ ನೋಡಲಿಲ್ಲ. ಹೊಳ್ಳಿಸಿ ನೋಡುವ ಸಾಮಾನಲ್ಲವಲ್ಲ!

ಅವರ ಗಂಟೇನು ಹೋಯಿತು, ಹೋದದ್ದು ನನ್ನ ಗಂಟು. ಕುರ್ಚಿಯೂ ಹೋಗಿತ್ತು. ನಾನು ಮೇಜಿಗೆ ಆತುಕೊಂಡು ನಿಂತು, ಏನನ್ನೂ ಮಾತನಾಡಬಾರದೆಂದು ತುಟಿ ಕಚ್ಚಿಕೊಂಡಿದ್ದೆ. ಕಾಕುಗೆ ನನ್ನ ಮೌನ ಪಶ್ಚಾತ್ತಾಪದಂತೆ ಕಂಡಿರಬೇಕು. "ಇರಲಿ, ಕತ್ತರಿ ಕೊಡು, ಸರಿ ಮಾಡಿ ಕೊಡ್ತೀನಿ" ಎಂದು, ನಾನು ಬೇಡವೆನ್ನುವ ಮೊದಲೇ ಆ ಗಂಟನ್ನು ಕತ್ತರಿಸಿಬಿಟ್ಟರು. ಗಂಟು ಕತ್ತರಿಸಿದರೆ ಆ ದಾರದಲ್ಲಿ ಹಾಕಿದ ಹೊಲಿಗೆಗಳೆಲ್ಲ ಸಡಿಲವಾಗುತ್ತವೆ. ಕಳಸ ಹೋಯಿತು, ಮೇಲಿನ ಅಂತಸ್ತು ಹೋಯಿತು, ಎಡಗಡೆಯ ಮೆಟ್ಟಿಲುಗಳು ಹೋದವು. ಐದು ಸಂಜೆಗಳ ಗೋಪುರ ಹತ್ತು ನಿಮಿಷದಲ್ಲಿ ಅರ್ಧಕ್ಕೆ ಇಳಿದು, ಕೆಂಪು ದಾರದ ಉಂಡೆಯಾಗಿ ಕಾಕುವಿನ ಉಡಿಯಲ್ಲಿ ಬಿದ್ದಿತ್ತು.

ಆಮೇಲೆ ಅವರು ಹೊಸ ದಾರ ಪೋಣಿಸಿದರು. ಚಹಾದ ಲೋಟ ಹಿಡಿದಾಗ ತಟಪಟ ನಡುಗುತ್ತಿದ್ದ ಆ ಕೈ ಸೂಜಿ ಹಿಡಿದ ಕೂಡಲೇ ನಿಂತಿತು. ಎಳೆಗಳನ್ನು ಎಣಿಸಲು ಅವರು ಕಣ್ಣನ್ನು ಹತ್ತಿರ ತರಲಿಲ್ಲ. ಉಗುರಿನ ತುದಿಯಿಂದ ಬಟ್ಟೆಯನ್ನು ಮುಟ್ಟಿ ಮುಟ್ಟಿ, ತುಟಿಯಲ್ಲಿ ಏನೋ ಲೆಕ್ಕ ಹಾಕುತ್ತಿದ್ದರು. ನಮ್ಮ ಅಜ್ಜಿಯೂ ಹಾಗೆಯೇ ಎಣಿಸುತ್ತಿದ್ದಳು. ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಬಿಸಿಲು ಸರಿದಂತೆಲ್ಲ ತಾನೂ ಮಣೆ ಸರಿಸಿಕೊಳ್ಳುತ್ತ, ಕರಿಯ ಚಂದ್ರಕಾಳಿ ಸೀರೆಯ ಸೆರಗಿಗೆ ತೊಟ್ಟಿಲು ಮತ್ತು ತೇರುಗಳನ್ನು ತುಂಬುತ್ತಿದ್ದಳು. ಆ ಸೀರೆ ಈಗ ನನ್ನ ಕಪಾಟಿನಲ್ಲಿದೆ. ಅದರಲ್ಲಿ ಅವಳು ಹಾಕಿದ ತೇರಿನ ಸಾಲಿಗೆ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂದು ನನಗೆ ಇಂದಿಗೂ ಗುರುತಿಸಲು ಬಂದಿಲ್ಲ. ಅಂಚನ್ನು ನೋಡಿಯೇ ಉಡಬೇಕು. ಅವಳು ನನಗೆ ಕಲಿಸುವಾಗ ಗಂಟು ಹಾಕಿದರೆ ಬೈಯುತ್ತಿರಲಿಲ್ಲ, ಬಿಚ್ಚಿ ಕೈಗೆ ಕೊಡುತ್ತಿದ್ದಳು. ನಾನು ಆಗಲೂ ಹೀಗೆಯೇ ತುಟಿ ಕಚ್ಚಿಕೊಂಡು ನಿಲ್ಲುತ್ತಿದ್ದೆ.

ನನ್ನ ಸಿಟ್ಟು ಸ್ವಲ್ಪ ಇಳಿಯುವಷ್ಟರಲ್ಲಿ ಒಬ್ಬರು ಕವರಿನ ಬೆಲೆ ಕೇಳಿದರು. ಕಾಕು ತಲೆಯೆತ್ತದೆ, "ಹೊಳ್ಳಿಸಿ ನೋಡ್ರಿ" ಎಂದರು. ಸಿಟ್ಟು ಮತ್ತೆ ಏರಿತು.

ಎಂಟು ಗಂಟೆಗೆ ಮಳೆ ಹನಿಯಿತು, ಕರೆಂಟು ಹೋಯಿತು, ಮೈಕಿನ ವಿನಂತಿಯೂ ನಿಂತಿತು. ಜಮಖಾನೆಯವಳು ತನ್ನ ಸುರುಳಿಗಳನ್ನು ಹೊತ್ತುಕೊಂಡು ಓಡಿದಳು, ಡಬ್ಬಿಯ ಪಾಂಡವರಿಗೆ ಯಾರೋ ಬ್ಯಾನರನ್ನೇ ಬಿಚ್ಚಿ ಹೊದಿಸಿದರು. ಕಾಕುವಿನ ಮಗ ಗೇಟಿನಲ್ಲಿ ಸ್ಕೂಟರಿನ ಹಾರ್ನು ಬಾರಿಸಿದ. ಕಾಕು ಸೂಜಿಯನ್ನು ಗೋಪುರದ ಎರಡನೆಯ ಅಂತಸ್ತಿನಲ್ಲಿ ಚುಚ್ಚಿ, ಕವರನ್ನು ನನ್ನ ಕೈಗಿಟ್ಟು, "ನಾಳೆ ಬಾ, ಉಳಿದದ್ದನ್ನ ಮನ್ಯಾಗ ಮಾಡೂಣಂತ" ಎಂದು ಹೊರಟುಹೋದರು.

ಇಂದು ಬೆಳಿಗ್ಗೆ, ಅವರ ಮನೆಗೆ ಹೋಗುವ ಅಗತ್ಯವೇನಿದೆ ಎಂದು ನಾನೇ ಮುಂದುವರಿಸಲು ಕುಳಿತೆ. ಸೂಜಿ ಚುಚ್ಚಿದ ಜಾಗದಲ್ಲಿ ಅವರು ಹೋಗುತ್ತಿದ್ದರೋ ಬರುತ್ತಿದ್ದರೋ ತಿಳಿಯಲಿಲ್ಲ. ಹೋಗುವ ಹೊಲಿಗೆ ಎಂದುಕೊಂಡು ನಾಲ್ಕು ಮನೆ ತುಂಬಿದರೆ ಮೆಟ್ಟಿಲು ಕಳಸದ ಕಡೆಗೆ ಹೋಗದೆ ಗೋಡೆಯಿಂದ ಹೊರಗೆ ಬಂತು. ಬಿಚ್ಚಿದೆ. ಅವರು ಹಾಕಿದ ಭಾಗವನ್ನು ಹೊಳ್ಳಿಸಿ ನೋಡಿದೆ. ಎರಡೂ ಕಡೆ ಒಂದೇ. ದಾರ ಎಲ್ಲಿ ಆರಂಭವಾಗಿದೆ ಎಂಬುದು ಕಿಟಕಿಯ ಬೆಳಕಿಗೆ ಹಿಡಿದರೂ ಕಾಣಲಿಲ್ಲ.

ಹೋಗಲೇಬೇಕು. ಬಲಿಪಾಡ್ಯಮಿಯೊಳಗೆ ಹೋಗಿ ಬರುತ್ತೇನೆ. ಹೊರಡುವ ಮುನ್ನ ಉಳಿದ ಹನ್ನೊಂದು ಕವರುಗಳನ್ನೂ ಒಮ್ಮೆ ಹೊಳ್ಳಿಸಿ, ಕಾಕು ಮಾಡಿದಂತೆ ಹೆಬ್ಬೆರಳಿನಿಂದ ಸವರಿ ನೋಡಿದೆ. ಒಂದೆರಡು ಗಂಟುಗಳಿರಬಹುದೆಂದು ನಂಬಿದ್ದೆ, ಏಳು ಸಿಕ್ಕವು. ಆ ಹನ್ನೊಂದನ್ನೂ ಕಪಾಟಿನಲ್ಲಿ ಅಜ್ಜಿಯ ಸೀರೆಯಿಂದ ದೂರದ ಖಾನೆಯಲ್ಲಿ ಇಟ್ಟು ಬೀಗ ಹಾಕಿದ್ದೇನೆ. ಕಾಕು ಕೇಳಿದರೆ, ಕರೆಂಟು ಹೋದ ಮೇಲೆ ಕತ್ತಲಲ್ಲಿ ಎಲ್ಲವೂ ಮಾರಾಟವಾದವು ಎಂದು ಹೇಳಬೇಕೆಂದಿದ್ದೇನೆ.