ಪಾಳಿ ಪಟ್ಟಿಯಲ್ಲಿ ಹೆಸರಿದೆ, ತೋಟದಲ್ಲಿ ಆಳಿಲ್ಲ

ನಮ್ಮ ಬೆಂಗಳೂರಿನ ಬಡಾವಣೆಯ ಸಮುದಾಯ ತೋಟದಲ್ಲಿ ಸೊಪ್ಪು ಕೊಯ್ಯುವ ಭಾನುವಾರ ಜನಕ್ಕೆ ಬರವಿಲ್ಲ. ಬರವಿರುವುದು ವಾರದ ನಡುವೆ ಪೈಪು ಹಿಡಿಯುವವರಿಗೆ. ಪಾಳಿ ಪಟ್ಟಿಗೆ ಹೆಸರು ಬರೆಸುವಾಗ ಎಲ್ಲರಿಗೂ ಎಲ್ಲಿಲ್ಲದ ಹುರುಪು. ಆ ದಿನ ಬಂದಾಗ ಮಾತ್ರ ವಾಟ್ಸಾಪ್‌ನಲ್ಲಿ, "ಇವತ್ತು ಯಾರಾದರೂ ನೋಡಿಕೊಳ್ಳಿ" ಎಂಬ ಒಂದು ಸಾಲು. ಕೊನೆಗೆ ಓಡುವವರು ನಾನು ಮತ್ತು ಎದುರು ಮನೆಯ ನಿವೃತ್ತ ಮೇಷ್ಟ್ರು. ಅವರಿಗೆ ಮಂಡಿನೋವು ಬೇರೆ.

ಏಪ್ರಿಲ್ ಬಿಸಿಲಿಗೆ ಎರಡು ದಿನ ನೀರು ತಪ್ಪಿದರೆ ಮೆಂತ್ಯದ ಎಳೆ ಸಸಿಗಳು ಬಾಡಿ ಮಣ್ಣಿಗೆ ಅಂಟಿಕೊಳ್ಳುತ್ತವೆ. ದಂಟಿನ ಸೊಪ್ಪು ಬಿತ್ತಿದ 25–30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಅಷ್ಟು ದಿನ ನೋಡಿಕೊಂಡಿದ್ದನ್ನು ಒಬ್ಬರ ಉದಾಸೀನ ಒಂದೇ ವಾರದಲ್ಲಿ ಕೆಡಿಸುತ್ತದೆ.

ಗೊಬ್ಬರದ ತೊಟ್ಟಿಯನ್ನು ನೆನೆದರೆ ಮೈ ಉರಿಯುತ್ತದೆ. ಹಸಿ ಕಸದ ಮೇಲೆ ಒಣ ಎಲೆ ಹರಡಬೇಕು, ಆಗಾಗ ತಿರುವಿ ಹಾಕಬೇಕು. ಗಾಳಿಯಾಡದಿದ್ದರೆ ಕೊಳೆತು ನಾರುತ್ತದೆ. ಇದನ್ನು ಎಷ್ಟು ಸಲ ಹೇಳಿದ್ದೇವೆ! ಮೊನ್ನೆ ಮುಚ್ಚಳ ತೆಗೆದರೆ, ಯಾರೋ ಪ್ಲಾಸ್ಟಿಕ್ ಚೀಲದ ಸಮೇತ ಹಳಸಿದ ಅನ್ನ ಎಸೆದಿದ್ದರು. ಚೀಲದ ಒಳಗೆಲ್ಲ ಬಿಳಿ ಹುಳು. ಎಲೆ ಹಾಕುವ ಪಾಳಿ ತಪ್ಪಿಸಿದವರೇ ಮರುದಿನ, "ತೋಟದಿಂದ ವಾಸನೆ" ಎಂದು ದೂರಿದರು. ಸಿಟ್ಟು ಬರದೆ ಇರುತ್ತದೆಯೇ?

ಕೆಲಸ, ಮಕ್ಕಳು, ಜ್ವರ ಎಲ್ಲರಿಗೂ ಇರುತ್ತವೆ, ನಾನು ಒಪ್ಪುತ್ತೇನೆ. ಬರಲಾಗದಿದ್ದರೆ ಹಿಂದಿನ ರಾತ್ರಿಯೇ ತಿಳಿಸಿ, ಇನ್ನೊಬ್ಬರೊಂದಿಗೆ ಪಾಳಿ ಬದಲಿಸಿಕೊಳ್ಳಿ. ಮತ್ತು ದಯವಿಟ್ಟು, ಪೈಪು ಇಡುವ ಕೋಣೆಯ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋಗಬೇಡಿ.